ಕತ್ತಿಯ ಏಟಿಗೆ ಕಸುವು ಎಲ್ಲಿಂದ ಬರುತ್ತದೆ?

ಪ್ರಶ್ನೆ: ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಹೊತ್ತು ಒಂದು ಚಿಕ್ಕ ಪಿಕ್ಸೆಲ್ ಆಟ ಕಟ್ಟುತ್ತಿದ್ದೇನೆ. ನಾಯಕ 32×32 ಪಿಕ್ಸೆಲ್‌ನ ಕತ್ತಿವರಸೆಗಾರ. ಅವನ ಏಟಿಗೆ ಮೊದಲು 8 ಫ್ರೇಮ್, ಅಂದರೆ ಒಂದರ ಹಿಂದೊಂದು ಓಡುವ 8 ಚಿತ್ರ, ಬರೆದೆ. ಸಪ್ಪೆ ಎನಿಸಿತು, 12ಕ್ಕೆ ಏರಿಸಿದೆ. ಚಲನೆ ನಯವಾಯಿತು, ಏಟು ಮಾತ್ರ ಹಾಗೆಯೇ ಉಳಿಯಿತು. ಆಡಿ ನೋಡಿದ ಗೆಳೆಯರು ‘ಬೀಸಣಿಗೆ ಬೀಸಿದಂತಿದೆ’ ಎನ್ನುತ್ತಾರೆ. ಎಲ್ಲ ಫ್ರೇಮ್‌ಗಳೂ ನಾನು ಚಿತ್ರ ಬರೆಯುವ ಏಸ್‌ಪ್ರೈಟ್ ತಂತ್ರಾಂಶ ತಾನಾಗಿ ಕೊಡುವ 100 ಮಿಲಿಸೆಕೆಂಡ್‌ನಲ್ಲೇ ಇವೆ. ನಿಂತ ಭಂಗಿಯ ಮೈಯನ್ನು ನಕಲು ಮಾಡಿ ಕೈ ಮತ್ತು ಕತ್ತಿಯನ್ನಷ್ಟೇ ಬದಲಿಸಿದ್ದೇನೆ. ಇನ್ನೂ ಹೆಚ್ಚು ಫ್ರೇಮ್ ಬೇಕೇ, ಅಥವಾ ಸ್ಪ್ರೈಟ್ (ಪಾತ್ರದ ಚಿತ್ರ) ದೊಡ್ಡದಾಗಬೇಕೇ? ಕೊನೆಯಲ್ಲಿ ಬರುವ ಗದೆ ಹಿಡಿದ ರಾಕ್ಷಸನದೂ ಇದೇ ಪಾಡು.

ಉತ್ತರ: ಎರಡೂ ಬೇಡ. 32×32 ಧಾರಾಳವಾಗಿ ಸಾಕು. ಫ್ರೇಮ್‌ಗಳನ್ನು ಹೆಚ್ಚಿಸುವುದಿರಲಿ, ಈಗಿರುವುದನ್ನು ಅರ್ಧಕ್ಕೆ ಇಳಿಸಬೇಕು. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ಎಲ್ಲ ಫ್ರೇಮ್‌ಗಳಿಗೂ ಒಂದೇ ಕಾಲ, ಎಲ್ಲ ಫ್ರೇಮ್‌ಗಳಲ್ಲೂ ಒಂದೇ ಮೈ. 12 ಫ್ರೇಮ್‌ಗಳು ತಲಾ 100 ಮಿಲಿಸೆಕೆಂಡ್ ನಡೆದರೆ ಒಂದು ಏಟಿಗೆ 1.2 ಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತೂ ಕತ್ತಿ ಒಂದೇ ವೇಗದಲ್ಲಿ ಹಿಂದಿನಿಂದ ಮುಂದಕ್ಕೆ ಸಾಗುತ್ತದೆ. ಬೀಸಣಿಗೆ ಸಾಗುವುದೂ ಹಾಗೆಯೇ. ನಿಮ್ಮ ಗೆಳೆಯರು ಸರಿಯಾಗಿಯೇ ನೋಡಿದ್ದಾರೆ.

ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತವರನ್ನು ಒಮ್ಮೆ ಗಮನವಿಟ್ಟು ನೋಡಿ. ನೆನೆದ ದಪ್ಪ ಹೊದಿಕೆಯನ್ನು ಸುರುಳಿ ಸುತ್ತಿ ಎರಡೂ ಕೈಯಲ್ಲಿ ಎತ್ತುವಾಗ ಬೆನ್ನು ಹಿಂದಕ್ಕೆ ಬಾಗುತ್ತದೆ, ಹಿಮ್ಮಡಿ ತುಸು ಮೇಲೇಳುತ್ತದೆ. ಬಟ್ಟೆ ತಲೆಯ ಹಿಂದೆ ತೂಗಿ ಒಂದು ಕ್ಷಣ ನಿಲ್ಲುತ್ತದೆ. ಆ ನಿಲುವು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಆಮೇಲಿನ ಬೀಸು ಕಾಣುವುದೇ ಇಲ್ಲ. ತಲೆಯ ಹಿಂದಿದ್ದ ಬಟ್ಟೆ ಕಂಡಿತು, ಮರುಕ್ಷಣ ಕಲ್ಲಿನ ಮೇಲೆ ಚಪ್ಪಟೆಯಾದ ಬಟ್ಟೆ ಕಂಡಿತು. ನಡುವೆ ಮಸುಕಾದ ಒಂದು ಕಮಾನು, ಸಿಡಿದ ನೀರಿನ ಹನಿ, ಅಷ್ಟೇ. ಬಡಿದ ಮೇಲೆಯೂ ಮೈ ಕೂಡಲೇ ಏಳುವುದಿಲ್ಲ. ಬಾಗಿದ ಬೆನ್ನು ಅರೆಕ್ಷಣ ಅಲ್ಲೇ ಉಳಿದು, ಆಮೇಲೆ ನಿಧಾನವಾಗಿ ನೆಟ್ಟಗಾಗುತ್ತದೆ. ಈ ಏರುಪೇರನ್ನೇ ನಾವು ಕಸುವು ಎಂದು ಓದುತ್ತೇವೆ. ನಿಮ್ಮ 12 ಫ್ರೇಮ್‌ಗಳು ಬೀಸಿನ ಪ್ರತಿ ಹಂತವನ್ನೂ ಕಣ್ಣಿಗೆ ತೋರಿಸಿಬಿಟ್ಟಿವೆ. ಕಣ್ಣು ಹಿಂಬಾಲಿಸಬಲ್ಲ ಕತ್ತಿಗೆ ಯಾರೂ ಹೆದರುವುದಿಲ್ಲ.

ಕಡಿಮೆ ಚಿತ್ರಗಳಲ್ಲಿ ಏಟನ್ನು ಹೇಳುವುದು ಹೊಸ ವಿದ್ಯೆಯಲ್ಲ. ಕೊನಾಮಿ ಕಂಪನಿಯ ಕ್ಯಾಸಲ್‌ವೇನಿಯಾ ಆಟ ಬಂದದ್ದು 1986ರಲ್ಲಿ. ಅದು ಓಡುತ್ತಿದ್ದ ನಿಂಟೆಂಡೊ ಯಂತ್ರ ಒಂದು ಅಡ್ಡಗೆರೆಯಲ್ಲಿ 8ಕ್ಕಿಂತ ಹೆಚ್ಚು ಸ್ಪ್ರೈಟ್ ತುಣುಕುಗಳನ್ನು ತೋರಿಸಲಾರದು. ಚಿತ್ರಗಳನ್ನು ಇಡಲು ಜಾಗವೂ ಕಿರಿದು. ಅಲ್ಲಿನ ನಾಯಕ ಚಾಟಿ ಬೀಸುವಾಗ ಚಾಟಿ ಮೊದಲು ಬೆನ್ನ ಹಿಂದೆ ಹೋಗುತ್ತದೆ. ಮರುಕ್ಷಣ ಮುಂದಕ್ಕೆ ನೇರವಾಗಿ ಚಾಚಿ ನಿಂತಿರುತ್ತದೆ. ತಲೆಯ ಮೇಲಿಂದ ಅದು ಹಾದುಹೋದ ಚಿತ್ರವೇ ಇಲ್ಲ. ಆ ಖಾಲಿ ಜಾಗವನ್ನು ಆಡುವವರ ಮನಸ್ಸು ತಾನೇ ತುಂಬಿಕೊಂಡಿತು, ಅದೂ ಯಾವ ಕಲಾವಿದನೂ ಬರೆಯಲಾರದಷ್ಟು ಬಿರುಸಾಗಿ. ಯಂತ್ರದ ಬಡತನದಿಂದ ಹುಟ್ಟಿದ ಈ ಉಪಾಯ ಇಂದಿಗೂ ಕೆಲಸ ಮಾಡುತ್ತದೆ. ಅದು ನಿಂತಿರುವುದು ಕಣ್ಣಿನ ಸ್ವಭಾವದ ಮೇಲೆ.

ಈಗ ನಿಮ್ಮ ಕತ್ತಿವರಸೆಗಾರನಿಗೆ ಬರೋಣ. ಆಟ ಸೆಕೆಂಡಿಗೆ 60 ಬಾರಿ ಪರದೆಯನ್ನು ಬದಲಿಸುತ್ತದೆ ಎಂದುಕೊಳ್ಳಿ. ಆಗ ಒಂದು ಟಿಕ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. ನಾನು ಕಾಲವನ್ನು ಮಿಲಿಸೆಕೆಂಡ್‌ನಲ್ಲಿ ಯೋಚಿಸುವುದೇ ಇಲ್ಲ, ಟಿಕ್‌ಗಳಲ್ಲಿ ಎಣಿಸುತ್ತೇನೆ. ನಿಮ್ಮ ಏಟಿಗೆ ಆರು ಚಿತ್ರಗಳು ಸಾಕು. ಮೊದಲನೆಯದು ಕತ್ತಿ ಹಿಂದಕ್ಕೆ ಹೊರಟ ಚಿತ್ರ, 3 ಟಿಕ್. ಎರಡನೆಯದು ಪೂರ್ತಿ ಹಿಂದೆಳೆದು ಬಿಗಿಹಿಡಿದ ಭಂಗಿ, 6 ಟಿಕ್. ಮೂರನೆಯದು ಬೀಸು, ಬರೀ 2 ಟಿಕ್. ನಾಲ್ಕನೆಯದು ಕತ್ತಿ ಕೆಳಗಿಳಿದು ಮೈ ಮುಂದೆ ಬಾಗಿದ ಭಂಗಿ, ಮತ್ತೆ 6 ಟಿಕ್. ಐದು ಮತ್ತು ಆರನೆಯವು ಮೈ ಹಿಂದಿರುಗುವ ಚಿತ್ರಗಳು, ತಲಾ 5. ಒಟ್ಟು 27 ಟಿಕ್, ಅಂದರೆ ಅರ್ಧ ಸೆಕೆಂಡಿಗೂ ಕಡಿಮೆ. ಎರಡನೆಯ ಮತ್ತು ನಾಲ್ಕನೆಯ ಚಿತ್ರಗಳು ಹೆಚ್ಚು ಹೊತ್ತು ನಿಲ್ಲುವುದರಿಂದ ಅವು ನೆನಪಿನಲ್ಲಿ ಉಳಿಯುತ್ತವೆ. ಮೂರನೆಯದನ್ನು ಯಾರೂ ನೋಡುವುದಿಲ್ಲ, ಆದರೆ ಎಲ್ಲರಿಗೂ ಅದು ತಟ್ಟುತ್ತದೆ.

ಈ ಸಂಖ್ಯೆಗಳು ಭಾರವಾದ ಕತ್ತಿಗೆ ಸರಿ. ಕಠಾರಿಯಾದರೆ ಮೊದಲ ಎರಡನ್ನು 2 ಮತ್ತು 3ಕ್ಕೆ ಇಳಿಸಿ. ಬೀಸನ್ನು ಮಾತ್ರ ಯಾವ ಆಯುಧಕ್ಕೂ 3 ಟಿಕ್‌ಗಿಂತ ಮೇಲೆ ಒಯ್ಯಬೇಡಿ. ಭಾರದ ಆಯುಧ ಎಂದರೆ ಬೀಸು ನಿಧಾನವಾಗಿರಬೇಕು ಎಂದು ಬಹಳ ಮಂದಿ ತಿಳಿಯುತ್ತಾರೆ. ಭಾರ ಕಾಣುವುದು ಎತ್ತುವಾಗಿನ ಕಷ್ಟದಲ್ಲಿ ಮತ್ತು ಬಿದ್ದ ಮೇಲೆ ನಿಲ್ಲಿಸಲಾರದ ಒದ್ದಾಟದಲ್ಲಿ. ಬೀಳುವಾಗ ಭಾರದ್ದೂ ಬಿರುಸಾಗಿಯೇ ಬೀಳುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದು ಎದ್ದಿದ್ದೇನೆ. ಏಸ್‌ಪ್ರೈಟ್‌ನಲ್ಲಿ ಪ್ರತಿ ಫ್ರೇಮ್‌ಗೂ ಬೇರೆ ಕಾಲ ಕೊಡಬಹುದು. ಆದರೆ ಚಿತ್ರಗಳನ್ನು ಸಾಲಾಗಿ ಜೋಡಿಸಿದ ಪಿಎನ್‌ಜಿ ಹಾಳೆಯನ್ನಷ್ಟೇ ಹೊರತೆಗೆದು ಆಟದ ಎಂಜಿನ್‌ಗೆ (ಆಟವನ್ನು ಕಟ್ಟಿ ಓಡಿಸುವ ತಂತ್ರಾಂಶಕ್ಕೆ) ಹಾಕಿದರೆ ಆ ಕಾಲವೆಲ್ಲ ಅಲ್ಲೇ ಉಳಿಯುತ್ತದೆ. ಎಂಜಿನ್ ಎಲ್ಲ ಚಿತ್ರಗಳನ್ನೂ ಒಂದೇ ವೇಗದಲ್ಲಿ ಓಡಿಸುತ್ತದೆ. ಅಲ್ಲಿ ಚೆನ್ನಾಗಿದ್ದದ್ದು ಆಟದೊಳಗೆ ಬಂದಾಗ ಸತ್ತಂತೆ ಕಾಣುವುದಕ್ಕೆ ಮುಕ್ಕಾಲು ಪಾಲು ಇದೇ ಕಾರಣ. ಹಾಳೆಯ ಜೊತೆಗೆ ಜೇಸನ್ ಫೈಲನ್ನೂ ಹೊರತೆಗೆಯಿರಿ, ಅದರಲ್ಲಿ ಪ್ರತಿ ಫ್ರೇಮ್‌ನ ಅವಧಿ ಬರೆದಿರುತ್ತದೆ. ಗೊಡೋ 4 ಎಂಜಿನ್ ಬಳಸುವವರಿಗೆ ಇನ್ನೂ ಸುಲಭ: ಅನಿಮೇಷನ್‌ನ ವೇಗವನ್ನು 60 ಮಾಡಿ, ಫ್ರೇಮ್‌ಗಳ ಅವಧಿಯಾಗಿ 3, 6, 2, 6, 5, 5 ಎಂದು ತುಂಬಿದರೆ ಮುಗಿಯಿತು. ಗೆಳೆಯರಿಗೆ ಜಿಫ್ ಕಳಿಸಿ ಅಭಿಪ್ರಾಯ ಕೇಳುವ ಅಭ್ಯಾಸವಿದ್ದರೆ ಇನ್ನೊಂದು ಮಾತು. ಜಿಫ್‌ನಲ್ಲಿ ಕಾಲವನ್ನು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಬರೆಯುತ್ತಾರೆ. 20 ಮಿಲಿಸೆಕೆಂಡ್‌ಗಿಂತ ಕಡಿಮೆ ಇರುವ ಫ್ರೇಮನ್ನು ಬಹುತೇಕ ಬ್ರೌಸರ್‌ಗಳು 100 ಮಿಲಿಸೆಕೆಂಡ್ ಮಾಡಿಬಿಡುತ್ತವೆ. ಹಾಗಾಗಿ ಒಂದೇ ಟಿಕ್‌ನ ಬೀಸು ಜಿಫ್‌ನಲ್ಲಿ ಆರು ಪಟ್ಟು ನಿಧಾನವಾಗಿ ಕಾಣಬಹುದು. ಏಟಿನ ಪರೀಕ್ಷೆ ಆಟದೊಳಗೇ ಆಗಲಿ, ಕೈಯಲ್ಲಿ ಗುಂಡಿ ಒತ್ತುತ್ತಾ ಆಗಲಿ.

ಇನ್ನು ಮೈಯ ವಿಷಯ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಕಾಲವನ್ನು ಹತ್ತು ನಿಮಿಷದಲ್ಲಿ ತಿದ್ದಬಹುದು, ಮೈಯನ್ನು ಹೊಸದಾಗಿ ಬರೆಯಲೇಬೇಕು. ಮೈ ಅಲುಗದೆ ಕೈ ಮಾತ್ರ ಬೀಸಿದರೆ ಅದು ಸೊಳ್ಳೆ ಓಡಿಸಿದಂತೆ. ಏಟು ಹೊರಡುವುದು ಪಾದದಿಂದ. ಹಿಂಗಾಲು ನೆಲವನ್ನು ಒದೆಯುತ್ತದೆ, ಸೊಂಟ ತಿರುಗುತ್ತದೆ, ಭುಜ ಅದನ್ನು ಹಿಂಬಾಲಿಸುತ್ತದೆ, ಕೈ ಮತ್ತು ಕತ್ತಿ ಕೊನೆಗೆ ಬರುತ್ತವೆ. 32 ಪಿಕ್ಸೆಲ್‌ನಲ್ಲಿ ಸೊಂಟ ತಿರುಗುವುದನ್ನು ತೋರಿಸುವುದು ಹೇಗೆ ಎಂದು ನೀವು ಕೇಳಬಹುದು. ತಿರುಗಿಸಿ ತೋರಿಸಲಾಗದು, ಜಾಗ ಬದಲಿಸಿ ತೋರಿಸಬೇಕು.

ನಿಮ್ಮ ಎರಡನೆಯ ಚಿತ್ರವನ್ನು ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಹಿಂಗಾಲಿನ ಪಾದ ಇದ್ದಲ್ಲೇ ಇರಲಿ. ಸೊಂಟ 2 ಪಿಕ್ಸೆಲ್ ಹಿಂದಕ್ಕೆ, 1 ಪಿಕ್ಸೆಲ್ ಕೆಳಕ್ಕೆ. ಎದೆ 3 ಪಿಕ್ಸೆಲ್ ಹಿಂದಕ್ಕೆ. ತಲೆ ಒಂದೇ ಪಿಕ್ಸೆಲ್ ಹಿಂದಕ್ಕೆ, ಮುಖ ಶತ್ರುವಿನ ಕಡೆಗೇ. ತಲೆಯನ್ನು ಎದೆಯಷ್ಟೇ ಹಿಂದಕ್ಕೆ ತಳ್ಳಿದರೆ ಹೆದರಿ ಹಿಂದೆ ಸರಿದಂತೆ ಕಾಣುತ್ತದೆ, ಮುಂದೆ ಉಳಿಸಿದರೆ ಗುರಿ ಹಿಡಿದಂತೆ ಕಾಣುತ್ತದೆ. ಎರಡು ಪಿಕ್ಸೆಲ್‌ನಲ್ಲಿ ಒಂದು ಪಾತ್ರದ ಧೈರ್ಯವೇ ಬದಲಾಗುವುದನ್ನು ನೋಡುವಾಗ ನನಗೆ ಈ ಕಲೆಯ ಮೇಲಿನ ಪ್ರೀತಿ ಮತ್ತೆ ಮತ್ತೆ ಚಿಗುರುತ್ತದೆ. ಮುಂಗಾಲಿನ ಬೆರಳ ತುದಿ ಮಾತ್ರ ನೆಲದ ಮೇಲಿರಲಿ. ಕತ್ತಿ ಭುಜದ ಹಿಂದೆ ಅಡಗಿ, ತುದಿಯಷ್ಟೇ ಇಣುಕಲಿ.

ನಾಲ್ಕನೆಯ ಚಿತ್ರ ಇದರ ತದ್ವಿರುದ್ಧ. ಮುಂಗಾಲು 5 ಅಥವಾ 6 ಪಿಕ್ಸೆಲ್ ಮುಂದೆ ಹೋಗಿ ಪೂರ್ತಿ ಊರಿರಲಿ. ಮಂಡಿ ಬಾಗಿರಲಿ. ಎದೆ ಮಂಡಿಯ ಮೇಲೆ ಬಂದಿರಲಿ. ನಿಂತ ಭಂಗಿಗಿಂತ ತಲೆ 3 ಪಿಕ್ಸೆಲ್ ಕೆಳಗಿರಲಿ. ಹಿಂಗಾಲು ನೀಳವಾಗಿ ಚಾಚಿ, ಹಿಮ್ಮಡಿಯಿಂದ ತಲೆಯವರೆಗೆ ಒಂದೇ ಓರೆಗೆರೆ ಕಾಣಬೇಕು. ಈಗ ಎರಡೂ ಚಿತ್ರಗಳಿಗೆ ಪೂರ್ತಿ ಕಪ್ಪು ಬಣ್ಣ ತುಂಬಿ ಅಕ್ಕಪಕ್ಕ ಇಡಿ. ಒಳಗಿನ ಗೆರೆ ಬಣ್ಣ ಏನೂ ಇಲ್ಲದೆ, ನೆರಳಿನಲ್ಲೇ ‘ಈಗ ಹೊಡೆಯುತ್ತಾನೆ’, ‘ಹೊಡೆದಾಯಿತು’ ಎಂದು ಗೊತ್ತಾಗುತ್ತದೆಯೇ? ಗೊತ್ತಾಗದಿದ್ದರೆ ಭಂಗಿಗಳು ಇನ್ನೂ ನಾಚಿಕೊಂಡಿವೆ ಎಂದರ್ಥ. ನಿಮಗೆ ಅತಿಯಾಯಿತು ಎನ್ನಿಸುವವರೆಗೆ ಎಳೆಯಿರಿ, ಆಮೇಲೆ ಇನ್ನೊಂದು ಪಿಕ್ಸೆಲ್ ಎಳೆಯಿರಿ. ನೋಡುವವರಿಗೆ ಅದು ಕಾಣುವುದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ.

ಭಂಗಿ ತೋಚದಿದ್ದರೆ ಒಂದು ಕೋಲು ಹಿಡಿದು ನೀವೇ ಬೀಸಿ, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ಚಿತ್ರೀಕರಿಸಿ. ಆದರೆ ಅದರ ಮೇಲೆಯೇ ಗೆರೆ ಎಳೆದು ನಕಲು ಮಾಡಬೇಡಿ. ನಿಜವಾದ ಮೈ 32 ಪಿಕ್ಸೆಲ್‌ಗೆ ಇಳಿದಾಗ ಅಂಜುಬುರುಕನಾಗಿ ಕಾಣುತ್ತದೆ. ವಿಡಿಯೊದಿಂದ ಕ್ರಮವನ್ನು ತೆಗೆದುಕೊಳ್ಳಿ, ಯಾವುದು ಮೊದಲು ಹೊರಡುತ್ತದೆ, ಯಾವುದು ಕೊನೆಗೆ ಬರುತ್ತದೆ ಎಂಬುದನ್ನು. ಅಳತೆಯನ್ನು ನೀವೇ ಹಿಗ್ಗಿಸಿಕೊಳ್ಳಿ.

ಮೂರನೆಯ ಚಿತ್ರವಾದ ಬೀಸನ್ನು ನಮ್ಮ ಕಸುಬಿನಲ್ಲಿ ಸ್ಮಿಯರ್ ಎನ್ನುತ್ತೇವೆ. ವೇಗವಾಗಿ ಹೋದ ವಸ್ತುವನ್ನು ಹೋದ ದಾರಿಯುದ್ದಕ್ಕೂ ಹಿಗ್ಗಿಸಿ ಒಂದೇ ಚಿತ್ರದಲ್ಲಿ ಬರೆಯುವುದು. 1942ರಲ್ಲೇ ನಿರ್ದೇಶಕ ಚಕ್ ಜೋನ್ಸ್ ಅವರು ವಾರ್ನರ್ ಬ್ರದರ್ಸ್ ಕಾರ್ಟೂನೊಂದರಲ್ಲಿ ಪಾತ್ರಗಳ ಇಡೀ ಮೈಯನ್ನು ಹೀಗೆ ಎಳೆದು ತೋರಿಸಿದ್ದರು. ಪಿಕ್ಸೆಲ್‌ನಲ್ಲಿ ನಮಗೆ ಮಸುಕು ಮಾಡುವ ಸೌಕರ್ಯವಿಲ್ಲ, ಹಾಗಾಗಿ ಬಿದಿಗೆಯ ಚಂದ್ರನಂಥ ಬಾಗಿದ ಆಕಾರವೇ ನಮ್ಮ ಸ್ಮಿಯರ್.

ಅದನ್ನು ಬರೆಯುವಾಗ ನಾಲ್ಕು ಸಂಗತಿಗಳು ಕೈತಪ್ಪುತ್ತವೆ. ಕಮಾನಿನ ಕೇಂದ್ರ ಭುಜದಲ್ಲಿರಬೇಕು. ಹೊಟ್ಟೆಯ ನಡುವಿನಿಂದ ಎಳೆದ ಕಮಾನು ಕೈಗೆ ಅಂಟಿಕೊಂಡಂತೆ ಕಾಣುವುದೇ ಇಲ್ಲ. ಎರಡನೆಯದಾಗಿ, ಚಂದ್ರಕಲೆಯ ಎರಡು ತುದಿಗಳೂ ಒಂದೇ ದಪ್ಪ ಇರಬಾರದು. ಕತ್ತಿ ಈಗ ತಲುಪಿರುವ ಕಡೆ ದಪ್ಪಗೆ, 4 ಪಿಕ್ಸೆಲ್‌ನಷ್ಟು, ಹೊರಟುಬಂದ ಕಡೆ ಒಂದೇ ಪಿಕ್ಸೆಲ್‌ಗೆ ಇಳಿದು ತುಂಡಾಗಬೇಕು. ಎರಡೂ ಕಡೆ ಸಮನಾಗಿ ಚೂಪಾದರೆ ಕತ್ತಿ ಯಾವ ದಿಕ್ಕಿಗೆ ಹೋಯಿತು ಎಂಬುದೇ ತಿಳಿಯುವುದಿಲ್ಲ. ಬಣ್ಣ ಮೂರೇ ಸಾಕು: ಹೊರ ಅಂಚಿಗೆ ಬಿಳಿ, ಅದರ ಒಳಗೆ ಕತ್ತಿಯ ತಿಳಿಬಣ್ಣ, ಬಾಲಕ್ಕೆ ಹಿನ್ನೆಲೆಗೆ ಹತ್ತಿರವಾದ ಒಂದು ಬಣ್ಣ. ಕೊನೆಯದಾಗಿ, ಆ ಫ್ರೇಮ್‌ನಲ್ಲಿ ಕತ್ತಿಯನ್ನು ಬೇರೆಯಾಗಿ ಬರೆಯಬೇಡಿ. ಕಮಾನೇ ಕತ್ತಿ. ಎರಡನ್ನೂ ಬರೆದರೆ ಕಣ್ಣು ಕತ್ತಿಯ ಮೇಲೆ ನಿಲ್ಲುತ್ತದೆ, ಕಮಾನು ಕಾಗದದ ಅಲಂಕಾರದಂತೆ ಕಾಣುತ್ತದೆ. ನಾಲ್ಕನೆಯ ಚಿತ್ರದಲ್ಲಿ ಕಮಾನನ್ನು ಪೂರ್ತಿ ಅಳಿಸಿ ಬಾಲದ ನಾಲ್ಕೈದು ಬಿಡಿ ಪಿಕ್ಸೆಲ್‌ಗಳನ್ನು ಮಾತ್ರ ಗಾಳಿಯಲ್ಲಿ ಬಿಡಿ.

ಸ್ಮಿಯರ್ 32×32ರ ಚೌಕದಲ್ಲಿ ಹಿಡಿಸುವುದಿಲ್ಲ, ಹಿಡಿಸಲೂ ಬಾರದು. ಏಟಿನ ಅನಿಮೇಷನ್‌ಗೆ 64×64ರ ಕ್ಯಾನ್ವಾಸ್ ತೆಗೆದುಕೊಳ್ಳಿ, ಮೈ ಅದೇ ಅಳತೆಯಲ್ಲಿರಲಿ. ಎಲ್ಲ ಅನಿಮೇಷನ್‌ಗಳಲ್ಲೂ ಹಿಂಗಾಲಿನ ಪಾದವನ್ನೇ ಆಧಾರಬಿಂದುವಾಗಿ ಇಟ್ಟುಕೊಂಡರೆ ಗುಂಡಿ ಒತ್ತಿದಾಗ ನಾಯಕ ಪಕ್ಕಕ್ಕೆ ಜಿಗಿದಂತೆ ಕಾಣುವ ತೊಂದರೆ ಬರುವುದಿಲ್ಲ. ಇಷ್ಟನ್ನೂ ಕೈಯಲ್ಲೇ ಬರೆಯಬೇಕೆಂಬ ಕಟ್ಟುಪಾಡೇನೂ ಇಲ್ಲ. 2018ರ ಡೆಡ್ ಸೆಲ್ಸ್ ಆಟದ ಪಾತ್ರಗಳು 3ಡಿ ಮಾದರಿಗಳಾಗಿ ಹುಟ್ಟಿ, ಕಡಿಮೆ ರೆಸಲ್ಯೂಷನ್‌ನಲ್ಲಿ ಪಿಕ್ಸೆಲ್‌ಗಳಾಗಿ ಇಳಿದವು. ಆದರೆ ಭಂಗಿ ಮತ್ತು ಕಾಲದ ತೀರ್ಮಾನವನ್ನು ಅಲ್ಲೂ ಮನುಷ್ಯನೇ ಮಾಡಬೇಕು.

ಇಲ್ಲಿಯವರೆಗೆ ಹೊಡೆಯುವವನ ಮಾತಾಯಿತು. ಪೆಟ್ಟಿನ ಅರ್ಧ ಪಾಲು ಇರುವುದು ಪೆಟ್ಟು ತಿಂದವನಲ್ಲಿ. ನಿಮ್ಮ ಪ್ರಶ್ನೆಯಲ್ಲಿ ಶತ್ರುವಿನ ಬಗ್ಗೆ ಒಂದು ಮಾತೂ ಇಲ್ಲ. ಅವನು ಏಟು ಬಿದ್ದಾಗ ಸುಮ್ಮನೆ ನಿಂತಿರುತ್ತಾನೆ, ಆರೋಗ್ಯದ ಪಟ್ಟಿ ಮಾತ್ರ ಇಳಿಯುತ್ತದೆ ಎಂದು ನನ್ನ ಊಹೆ.

1991ರ ಸ್ಟ್ರೀಟ್ ಫೈಟರ್ 2 ಆಡಿದವರಿಗೆ ನೆನಪಿರಬಹುದು, ಒದೆ ತಗುಲಿದ ಕ್ಷಣ ಇಬ್ಬರೂ ಹಾಗೆಯೇ ಗಕ್ಕನೆ ನಿಲ್ಲುತ್ತಾರೆ. ಆ ನಿಲುಗಡೆ ಎಷ್ಟು ಚಿಕ್ಕದೆಂದರೆ ಹೇಳಿದ ಮೇಲೇ ಗಮನಕ್ಕೆ ಬರುವುದು. ಇದು ಹಿಟ್‌ಸ್ಟಾಪ್. ಕತ್ತಿಗೆ ಏನೋ ಅಡ್ಡ ಸಿಕ್ಕಿತು, ಅದನ್ನು ಸೀಳಿಕೊಂಡು ಹೋಗಬೇಕಾಯಿತು ಎಂಬ ಸುದ್ದಿಯನ್ನು ಕೈಗೆ ಮುಟ್ಟಿಸುವುದು ಇದೊಂದೇ. ಸ್ಮ್ಯಾಶ್ ಬ್ರದರ್ಸ್ ಆಟವನ್ನು ರೂಪಿಸಿದ ಮಸಾಹಿರೊ ಸಕುರಾಯ್ ಅವರು 2022ರಲ್ಲಿ ಆಟದ ವಿನ್ಯಾಸದ ಬಗ್ಗೆ ಯೂಟ್ಯೂಬ್‌ನಲ್ಲಿ ಪಾಠ ಹೇಳಲು ಹೊರಟಾಗ ಈ ನಿಲುಗಡೆಗೇ ಬೇರೆ ಕಂತು ಮೀಸಲಿಟ್ಟರು. 2018ರ ಸೆಲೆಸ್ಟ್ ಆಟದಲ್ಲಿ ನಾಯಕಿ ಗಾಳಿಯಲ್ಲಿ ನುಗ್ಗುವ ಮುನ್ನ ಆಟವಿಡೀ 0.05 ಸೆಕೆಂಡ್, ಅಂದರೆ 3 ಟಿಕ್, ನಿಲ್ಲುತ್ತದೆ. ಅಲ್ಲಿ ಏಟೂ ಇಲ್ಲ, ಶತ್ರುವೂ ಇಲ್ಲ. ಆದರೂ ಆ ನುಗ್ಗಿಗೆ ಬರುವ ಬಲ ನೋಡಿ.

ನಿಮ್ಮ ಆಟಕ್ಕೆ ಸಾಧಾರಣ ಏಟಿಗೆ 4 ಟಿಕ್, ಸರಣಿಯ ಕೊನೆಯ ಏಟಿಗೆ 8 ಟಿಕ್ ಇಟ್ಟು ನೋಡಿ. ಕತ್ತಿ ಶತ್ರುವಿಗೆ ತಗುಲಿದ ಟಿಕ್‌ನಲ್ಲಿ ಇಬ್ಬರ ಅನಿಮೇಷನ್ ಮತ್ತು ಚಲನೆ ನಿಲ್ಲಲಿ. ಇಬ್ಬರದು ಮಾತ್ರ ನಿಲ್ಲಲಿ. ಹಿನ್ನೆಲೆ, ಕಿಡಿ, ಹೊಗೆ ನಡೆಯುತ್ತಲೇ ಇರಲಿ, ಇಲ್ಲವಾದರೆ ಮೊಬೈಲ್ ತೊದಲಿದಂತೆ ಅನುಮಾನ ಬರುತ್ತದೆ. ನಿಂತ ಆ ನಾಲ್ಕು ಟಿಕ್‌ನಲ್ಲಿ ಪೆಟ್ಟು ತಿಂದವನನ್ನು ಒಂದು ಪಿಕ್ಸೆಲ್ ಎಡಕ್ಕೆ, ಒಂದು ಬಲಕ್ಕೆ ಅಲುಗಿಸಿ. ನೆಲದ ಮೇಲಿರುವವನನ್ನು ಮೇಲೆ ಕೆಳಗೆ ಅಲುಗಿಸಿದರೆ ಕಾಲು ನೆಲ ಬಿಟ್ಟಂತಾಗಿ ತೂಕವೇ ಹೋಗುತ್ತದೆ. ಹೊಡೆದವನು ಕಲ್ಲಿನಂತೆ ಅಲುಗದೆ ನಿಂತಿರಲಿ. ನಿಲುಗಡೆಯಲ್ಲಿ ಆಡುವವರು ಒತ್ತಿದ ಗುಂಡಿಯನ್ನು ಆಟ ಮರೆಯಬಾರದು, ನೆನಪಿಟ್ಟುಕೊಂಡು ನಿಲುಗಡೆ ಮುಗಿದೊಡನೆ ನಡೆಸಬೇಕು. ಒಂದೇ ಬೀಸಿಗೆ ಮೂವರು ಸಿಕ್ಕಿದರೆ ಮೂರು ನಿಲುಗಡೆಗಳನ್ನು ಕೂಡಿಸಬೇಡಿ. ಗಾಳಿಗೆ ಬೀಸಿದ ಏಟಿಗೆ ನಿಲುಗಡೆ ಬೇಡವೇ ಬೇಡ. ಗಾಳಿಗೂ ಮೈಗೂ ಇರುವ ವ್ಯತ್ಯಾಸವನ್ನು ಬೆರಳು ಕಲಿಯುವುದು ಹೀಗೆಯೇ.

ನಿಲುಗಡೆ ಮುಗಿದ ಮೇಲೆ ಶತ್ರು ಹಿಂದೆ ಸರಿಯಬೇಕು. 12 ಪಿಕ್ಸೆಲ್ ಸರಿಸಬೇಕೆಂದಿದ್ದರೆ ಟಿಕ್‌ಗೆ 2ರಂತೆ ಸಮನಾಗಿ ಸರಿಸಬೇಡಿ. ಮೊದಲ ಟಿಕ್‌ಗೆ 5, ಆಮೇಲೆ 3, 2, 1, 1. ಅದೇ 12 ಪಿಕ್ಸೆಲ್, ಆದರೆ ಮೊದಲನೆಯದರಲ್ಲಿ ಅವನನ್ನು ಯಾರೋ ಜಾರಿಸಿದಂತಿದ್ದರೆ ಎರಡನೆಯದರಲ್ಲಿ ಎತ್ತಿ ಎಸೆದಂತಿರುತ್ತದೆ. ಅವನಿಗಾಗಿ ಒಂದೇ ಒಂದು ಚಿತ್ರ ಬರೆಯಿರಿ: ಹೊಟ್ಟೆ ಹಿಂದಕ್ಕೆ, ತಲೆ ಮತ್ತು ಕೈಗಳು ಇನ್ನೂ ಮುಂದೆ ಉಳಿದ ಭಂಗಿ. ಮೊದಲ 2 ಟಿಕ್ ಅವನ ಇಡೀ ಆಕಾರ ಬಿಳಿಯಾಗಲಿ. ಮಿನುಗನ್ನು ಇಡೀ ಪರದೆಗೆ ಹಬ್ಬಿಸಬೇಡಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ದೊಡ್ಡದಾಗಿ ಮಿನುಗುವ ಬೆಳಕು ಕೆಲವರಿಗೆ ಮೂರ್ಛೆ ತರಬಲ್ಲದು. ಮಿನುಗನ್ನೂ ಪರದೆಯ ನಡುಕವನ್ನೂ ನಿಲ್ಲಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಖಂಡಿತ ಕೊಡಿ.

ತಗುಲಿದ ಜಾಗದ ಕಿಡಿಯನ್ನು ಚಿಕ್ಕದರಿಂದ ದೊಡ್ಡದಾಗಿ ಅರಳಿಸುವುದು ಹೊಸಬರ ಅಭ್ಯಾಸ. ಮೊದಲ ಚಿತ್ರವೇ ಎಲ್ಲಕ್ಕಿಂತ ದೊಡ್ಡದೂ ಬೆಳ್ಳಗೂ ಇರಬೇಕು. ಆಮೇಲೆ ಒಳಗಿನಿಂದ ಟೊಳ್ಳಾಗಿ, ಚೂರುಗಳಾಗಿ, ಆರಿಹೋಗಬೇಕು. ಕಿಡಿ ಅರಳುವ ಹೊತ್ತಿಗೆ ಪೆಟ್ಟಿನ ಕ್ಷಣ ದಾಟಿಹೋಗಿರುತ್ತದೆ. ಪರದೆಯ ನಡುಕಕ್ಕೆ 2 ಪಿಕ್ಸೆಲ್ ಮೀರಬೇಡಿ, ಅದೂ ದೊಡ್ಡ ಏಟಿಗೆ ಮಾತ್ರ. 320×180ರ ಪರದೆಯಲ್ಲಿ 2 ಪಿಕ್ಸೆಲ್ ಬಹಳ. 2013ರಲ್ಲಿ ವ್ಲಾಂಬೀರ್ ಎಂಬ ಆಟ ಕಟ್ಟುವ ತಂಡದ ಯಾನ್ ವಿಲ್ಲೆಮ್ ನೈಮನ್ ಅವರು ಪರದೆಯ ನಡುಕದ ಹೆಸರಿನಲ್ಲೇ ಒಂದು ಪ್ರಸಿದ್ಧ ಭಾಷಣ ಮಾಡಿದರು. ಅದರ ನಂತರ ಎಲ್ಲ ಆಟಗಳೂ ನಡುಗತೊಡಗಿದವು. ಆ ಭಾಷಣದಲ್ಲಿ ನಡುಕ ಹತ್ತಾರು ಚಿಕ್ಕ ತಿದ್ದುಪಡಿಗಳಲ್ಲಿ ಒಂದು ಮಾತ್ರ. ಭಂಗಿ ಸೋತ ಕಡೆ ಪರದೆ ನಡುಗಿಸಿ ಗೆಲ್ಲಲಾಗದು. ಶಬ್ದವನ್ನೂ ಮರೆಯಬೇಡಿ: ಸ್ಮಿಯರ್ ಜೊತೆ ಗಾಳಿಯ ಸದ್ದು, ತಗುಲಿದ ಟಿಕ್‌ನಲ್ಲೇ ಒಂದು ಗಡುಸಾದ ತಗ್ಗು ಸದ್ದು. ಧ್ವನಿ ಫೈಲಿನ ತಲೆಯಲ್ಲಿ ಉಳಿದ ಮೌನವನ್ನು ಕತ್ತರಿಸಿ ತೆಗೆದಿದ್ದೀರಾ ನೋಡಿ. 50 ಮಿಲಿಸೆಕೆಂಡ್‌ನ ಮೌನ ಇಷ್ಟೆಲ್ಲ ಕೆಲಸವನ್ನು ಹಾಳುಮಾಡುತ್ತದೆ.

ಇದನ್ನೆಲ್ಲ ಮಾಡಿದ ಮೇಲೆ ಒಂದು ಹೊಸ ದೂರು ಬರುತ್ತದೆ: ‘ಗುಂಡಿ ಒತ್ತಿದ ಮೇಲೆ ತಡವಾಗಿ ಹೊಡೆಯುತ್ತಾನೆ.’ ಮೊದಲ ಎರಡು ಚಿತ್ರಗಳ 9 ಟಿಕ್ ಎಂದರೆ 150 ಮಿಲಿಸೆಕೆಂಡ್. ಬಿರುಸಿನ ಆಟವಾದರೆ ಅದು ಹೆಚ್ಚೇ. ಇಲ್ಲಿ ಚಿತ್ರದ ಬಯಕೆಗೂ ಬೆರಳಿನ ಬಯಕೆಗೂ ಜಗಳ, ಆಟದಲ್ಲಿ ಬೆರಳೇ ಗೆಲ್ಲಬೇಕು. ಮೊದಲ ಚಿತ್ರವನ್ನು ಕಿತ್ತುಹಾಕಿ, ಎರಡನೆಯದನ್ನು 4 ಟಿಕ್‌ಗೆ ಇಳಿಸಿ. ಉಳಿದ ಕಾಲವನ್ನು ನಾಲ್ಕನೆಯ ಚಿತ್ರಕ್ಕೆ ಸೇರಿಸಿ. ಏಟಿನ ಮೊದಲು ಕೊಡಲಾಗದ ತೂಕವನ್ನು ಏಟಿನ ನಂತರ ಕೊಡಬಹುದು, ಕಣ್ಣು ಅದನ್ನು ಒಪ್ಪುತ್ತದೆ. ಭಂಗಿ ಎಷ್ಟು ಕಡಿಮೆ ಹೊತ್ತು ಇರುತ್ತದೋ ಅಷ್ಟು ಹೆಚ್ಚು ಎಳೆದಿರಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಕೊನೆಯ ಎರಡು ಚಿತ್ರಗಳ ಹೊತ್ತಿನಲ್ಲಿ ಆಡುವವರು ಓಡಲು, ತಪ್ಪಿಸಿಕೊಳ್ಳಲು ಒತ್ತಿದರೆ ಅಲ್ಲಿಗೇ ಬಿಟ್ಟುಕೊಡಿ. ಸುಮ್ಮನಿದ್ದರೆ ಪೂರ್ತಿ ಕಾಣಲಿ.

ನಿಮ್ಮ ರಾಕ್ಷಸನಿಗೆ ಈ ಜಗಳವೇ ಇಲ್ಲ. ಅವನ ಗುಂಡಿಯನ್ನು ಯಾರೂ ಒತ್ತುವುದಿಲ್ಲ, ಅವನು ಎಷ್ಟು ಹೊತ್ತು ಬೇಕಾದರೂ ಗದೆ ಎತ್ತಬಹುದು. ಎತ್ತಲೇಬೇಕು ಕೂಡ, ಏಕೆಂದರೆ ಆಡುವವರಿಗೆ ಅದೇ ಎಚ್ಚರಿಕೆ. 30ರಿಂದ 40 ಟಿಕ್‌ವರೆಗೆ ಕೊಡಿ. ಗದೆ ನೆಲ ಬಿಡುವಾಗ ಮೊದಲು ಅವನ ಮೈ ಕುಗ್ಗಲಿ, ಭುಜ ಇಳಿಯಲಿ, ಗದೆ ಇನ್ನೂ ಅಲ್ಲೇ ಇರಲಿ. ಕೈ ನೀಳವಾದ ಮೇಲೆ ಗದೆ ಹೊರಡಲಿ. ತಲೆಯ ಮೇಲೆ ಬಂದಾಗ ಅದು ಅವನ ಹತೋಟಿಯನ್ನೂ ಮೀರಿ ಎರಡು ಪಿಕ್ಸೆಲ್ ಹಿಂದೆ ಹೋಗಿ, ಅಲ್ಲಿ 10 ಟಿಕ್ ತೂಗಲಿ. ಅಲ್ಲಿಂದ ನೆಲಕ್ಕೆ ಒಂದೇ ಸ್ಮಿಯರ್, 2 ಟಿಕ್. ನೆಲಕ್ಕೆ ಬಡಿದಾಗ ಗದೆಯ ತಲೆ 3 ಪಿಕ್ಸೆಲ್ ನೆಲದೊಳಗೆ ಹೂತಿರಲಿ, ಹಿಡಿಕೆ ಬಾಗಿರಲಿ, ಅವನ ಹಿಮ್ಮಡಿಗಳು ನೆಲದಿಂದ ಎದ್ದಿರಲಿ. ಧೂಳು ಗದೆಯ ಎರಡೂ ಬದಿಗೆ ನೆಲದುದ್ದಕ್ಕೂ ಚಿಮ್ಮಲಿ. ಹಾಗೆಯೇ 20 ಟಿಕ್. ಆಮೇಲೆ ಅವನು ಗದೆಯನ್ನು ಕೀಳಲು ನೋಡುತ್ತಾನೆ. ಮೊದಲ ಎಳೆತಕ್ಕೆ ಅದು ಬರಬಾರದು. ಮೈ 2 ಪಿಕ್ಸೆಲ್ ಹಿಂದೆ ಹೋಗಿ ಮತ್ತೆ ಅಲ್ಲಿಗೇ ಮರಳಲಿ, ಕಾಲು ಇನ್ನೊಮ್ಮೆ ಊರಲಿ, ಎರಡನೆಯ ಎಳೆತಕ್ಕೆ ಗದೆ ಒಂದು ಹೆಂಟೆ ಮಣ್ಣಿನೊಂದಿಗೆ ಮೇಲೆ ಬರಲಿ.